ಯಾವ ಪುಟದಲ್ಲಿ ನಿಲ್ಲಿಸಿದಿರಿ? ಹಾಸನದ ಓದುಗರ ಬಳಗವೊಂದರ ಪ್ರಕರಣ

ಹಾಸನ ಪಟ್ಟಣದ ಓದುಗರ ಬಳಗವೊಂದು ಜಾನ್ ಗ್ರಿಶಮ್ ಅವರ ‘ಎ ಟೈಮ್ ಟು ಕಿಲ್’ ಕಾದಂಬರಿಯನ್ನು ಓದಲು ಹೋಗಿ ಒಡೆಯುವ ಹಂತಕ್ಕೆ ಬಂದು, ಆಮೇಲೆ ಸಾವರಿಸಿಕೊಂಡ ಪ್ರಕರಣ ಇದು. ಊರಲ್ಲಿ, ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಪುಸ್ತಕ ಚರ್ಚೆ ನಡೆಸುವವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆದಿಡುತ್ತಿದ್ದೇನೆ. ಸದಸ್ಯರ ಹೆಸರನ್ನಾಗಲಿ ಸೇರುವ ಜಾಗವನ್ನಾಗಲಿ ಹೇಳಿಲ್ಲ. ಒಬ್ಬಿಬ್ಬರ ಉದ್ಯೋಗವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬಳಗದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಕೆಲಸ ನನ್ನದು, ಹಾಗಾಗಿ ಮಾತುಗಳು ಹೆಚ್ಚುಕಡಿಮೆ ಆಡಿದ ಹಾಗೇ ಇವೆ.

ಹಿನ್ನೆಲೆ

ತಿಂಗಳಿಗೊಂದು ಭಾನುವಾರ ಸೇರುವ ಸಣ್ಣ ಬಳಗ. ಸಂಚಾಲಕಿ ನಿವೃತ್ತ ಬ್ಯಾಂಕ್ ಉದ್ಯೋಗಿ. ಒಬ್ಬ ವಕೀಲೆ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರು, ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು, ದಲಿತ ಸಮುದಾಯದ ಪ್ರೌಢಶಾಲಾ ಶಿಕ್ಷಕರು, ಅಂಗನವಾಡಿ ಮೇಲ್ವಿಚಾರಕಿ, ಒಬ್ಬ ಪದವಿ ವಿದ್ಯಾರ್ಥಿನಿ, ಇನ್ನೂ ಕೆಲವರು. ಅಲ್ಲಿಯವರೆಗೆ ಓದಿದ್ದೆಲ್ಲ ಕನ್ನಡ ಪುಸ್ತಕಗಳೇ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆಗ ನಾವೂ ಅವರ ಕಥೆಗಳನ್ನು ಮತ್ತೆ ತೆಗೆದು ಓದಿದೆವು. ಅವರು ಹಾಸನದವರು, ವಕೀಲರು ಕೂಡ. ಕಚೇರಿಗೆ ಬರುವ ಹೆಂಗಸರ ಸಂಕಟ ಕಂಡವರು ಬರೆದ ಕಥೆ ಹೇಗಿರುತ್ತದೆ ಎಂಬ ಮಾತು ಬಂದಾಗ ವಿದ್ಯಾರ್ಥಿನಿ, ‘ಹಂಗಾದ್ರೆ ವಕೀಲರೇ ಬರ್ದಿರೋ ಇನ್ನೊಂದು ಓದೋಣ’ ಎಂದು ಗ್ರಿಶಮ್ ಹೆಸರು ಎತ್ತಿದಳು. ಸಂಚಾಲಕಿ ಒಪ್ಪಿದರು. ಒಂದು ಸಣ್ಣ ತೀರ್ಮಾನವನ್ನೂ ಜೊತೆಗೇ ಮಾಡಿದರು: ಇಂಗ್ಲಿಷ್ ಕಷ್ಟವಾದವರು ಕಥೆಯನ್ನು ಬೇರೆಯವರಿಂದ ಕೇಳಿ ತಿಳಿದುಕೊಂಡು ಬರಬಹುದು. ಯಾರನ್ನೂ ಹೊರಗಿಡಬಾರದು ಎಂಬ ಒಳ್ಳೆಯ ಉದ್ದೇಶವೇ. ಈ ತೀರ್ಮಾನ ಮುಂದೆ ದೊಡ್ಡ ಪಾತ್ರ ವಹಿಸಿತು.

ಪುಸ್ತಕದ ಬಗ್ಗೆ ಒಂದಿಷ್ಟು. ಗ್ರಿಶಮ್ ಮಿಸಿಸಿಪ್ಪಿ ರಾಜ್ಯದ ಸೌತ್‌ಹೇವನ್ ಎಂಬ ಊರಿನಲ್ಲಿ ವಕೀಲರಾಗಿದ್ದರು, ಆ ರಾಜ್ಯದ ಶಾಸನಸಭೆಯ ಸದಸ್ಯರೂ ಆಗಿದ್ದರು. 1984ರಲ್ಲಿ ಅತ್ಯಾಚಾರಕ್ಕೆ ಒಳಗಾದ ಬಾಲಕಿಯೊಬ್ಬಳು ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಕೇಳಿ, ಆ ಹುಡುಗಿಯ ಅಪ್ಪ ಸೇಡು ತೀರಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಿಂದ ಬೆಳಗಿನ ಜಾವ ಎದ್ದು ಬರೆಯತೊಡಗಿದರು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಕೊನೆಗೆ 1989ರಲ್ಲಿ ವಿನ್‌ವುಡ್ ಪ್ರೆಸ್ 5,000 ಪ್ರತಿ ಅಚ್ಚು ಹಾಕಿತು, ಅದರಲ್ಲಿ 1,000 ಪ್ರತಿಯನ್ನು ಲೇಖಕರೇ ಕೊಂಡರು. 1991ರಲ್ಲಿ ‘ದಿ ಫರ್ಮ್’ ಬಂದು ಗೆದ್ದ ಮೇಲೆ ಜನ ಹಳೆಯ ಪುಸ್ತಕವನ್ನೂ ಹುಡುಕಿಕೊಂಡು ಓದಿದರು. 1996ರಲ್ಲಿ ಜೋಯಲ್ ಶುಮಾಕರ್ ನಿರ್ದೇಶನದಲ್ಲಿ ಸಿನಿಮಾ ಆಯಿತು.

ಕಥೆ ಇಷ್ಟು: ಹತ್ತು ವರ್ಷದ ಕಪ್ಪು ಹುಡುಗಿ ಟೋನ್ಯಾಳ ಮೇಲೆ ಇಬ್ಬರು ಬಿಳಿಯರು ಅತ್ಯಾಚಾರ ಮಾಡುತ್ತಾರೆ. ಅವಳ ಅಪ್ಪ ಕಾರ್ಲ್ ಲೀ ಹೇಲಿ, ಆ ಇಬ್ಬರನ್ನೂ ಕೋರ್ಟಿನ ಒಳಗೇ ಗುಂಡಿಟ್ಟು ಕೊಲ್ಲುತ್ತಾನೆ. ಬೆಂಗಾವಲಿಗಿದ್ದ ಪೊಲೀಸನಿಗೂ ಗುಂಡು ತಗುಲಿ ಕಾಲು ಹೋಗುತ್ತದೆ. ಜೇಕ್ ಬ್ರಿಗಾನ್ಸ್ ಎಂಬ ಯುವ ಬಿಳಿಯ ವಕೀಲ ಕಾರ್ಲ್ ಲೀ ಪರ ನಿಲ್ಲುತ್ತಾನೆ. ಕೊಲ್ಲುವ ಹೊತ್ತಿಗೆ ಅವನ ಮನಸ್ಸು ಸ್ವಾಧೀನದಲ್ಲಿರಲಿಲ್ಲ ಎಂಬುದು ವಾದ. ತೀರ್ಪು ಕೊಡಬೇಕಾದ ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ತಂಡದ, ಹನ್ನೆರಡು ಮಂದಿಯೂ ಬಿಳಿಯರು.

ಸಮಸ್ಯೆ

ಮೊದಲ ಸಭೆಯಲ್ಲಿ ಸಂಚಾಲಕಿ ಒಂದು ಹಾಳೆ ಹರಡಿ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಬರೆಯಿರಿ ಎಂದರು. ಚರ್ಚೆಗೆ ಚಾಲನೆ ಸಿಗಲಿ ಎಂದು. ಒಂಬತ್ತು ಕೊಟ್ಟವರ ಪಕ್ಕದಲ್ಲೇ ಎರಡು ಕೊಟ್ಟವರು ಕೂತಿದ್ದರು. ಸರಾಸರಿ ತೆಗೆದರೆ ಆರು ಚಿಲ್ಲರೆ ಬಂತು. ಆರು ಕೊಟ್ಟವರು ಒಬ್ಬರೂ ಇರಲಿಲ್ಲ.

ಅಲ್ಲಿಂದ ಶುರುವಾದದ್ದು ಅಂಕದ ಜಗಳ. ಬೆಳೆಗಾರರು, ‘ನನ್ ಮಗ್ಳಿಗೆ ಹಂಗಾಗಿದ್ರೆ ನಾನೂ ಕೋವಿ ತಗೋತಿದ್ದೆ. ಇದಕ್ಕಿಂತ ಏನ್ ಬೇಕ್ರೀ ಕಥೆ?’ ಎಂದರು. ವಕೀಲೆ ನಕ್ಕು, ‘ಗೌಡ್ರೇ, ನೀವು ಕೋವಿ ತಗೊಂಡ್ರೆ ನಿಮ್ ವಕಾಲತ್ತು ನಾನ್ ಹಾಕಲ್ಲ’ ಎಂದರು. ಮೇಷ್ಟ್ರ ದೂರು ಬೇರೆ. ಭಾಷೆ ಸಪ್ಪೆ, ಕಥೆ ಅಲ್ಲಲ್ಲಿ ಹಿಡಿತ ತಪ್ಪಿ ಎಲ್ಲೆಲ್ಲೋ ಸುತ್ತುತ್ತದೆ, ನಾಯಕನ ಹೆಂಡತಿಗೆ ತವರಿಗೆ ಹೋಗಿ ಕೂರುವುದು ಬಿಟ್ಟು ಕೆಲಸವೇ ಇಲ್ಲ. ಇದು ಅನ್ಯಾಯದ ಟೀಕೆಯೇನಲ್ಲ. ಮೊದಲ ಕಾದಂಬರಿಯ ಈ ಸುತ್ತಾಟವನ್ನು ಗ್ರಿಶಮ್ ಕೂಡ ಮುಂದೊಂದು ಮುದ್ರಣದ ಮಾತಿನಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಮೇಷ್ಟ್ರು ಅದನ್ನು ಹೇಳಿದ ಧಾಟಿಗೆ ವಿದ್ಯಾರ್ಥಿನಿಗೆ ಸಿಟ್ಟು ಬಂತು: ‘ಸಾರ್, ನಾನು ಎರಡು ರಾತ್ರಿ ನಿದ್ದೆಗೆಟ್ಟು ಓದಿದೀನಿ. ಸಪ್ಪೆಯಾಗಿದ್ರೆ ನಿದ್ದೆ ಬರ್ತಿತ್ತು.’

ಇಷ್ಟಾಗಿದ್ದರೆ ಯಾವ ಬಳಗದಲ್ಲೂ ಆಗುವಂಥದ್ದು. ನಡುವೆ ಯಾರೋ ಪುಸ್ತಕದ ಮೊದಲ ಪುಟಗಳನ್ನು, ಆ ಮಗುವಿನ ಮೇಲೆ ನಡೆಯುವ ಹಿಂಸೆಯ ಭಾಗವನ್ನು, ಜೋರಾಗಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದರು. ಅಂಗನವಾಡಿ ಮೇಲ್ವಿಚಾರಕಿ ಎದ್ದು ಚಪ್ಪಲಿ ಹಾಕಿಕೊಂಡರು. ‘ಇದನ್ನ ಕೇಳಕ್ಕೆ ನಾನು ಭಾನುವಾರ ಬರಬೇಕಾ? ವಾರವೆಲ್ಲ ಇದೇ ಕೇಳ್ತೀನಿ’ ಎಂದಷ್ಟೇ ಹೇಳಿ ಹೋದರು. ಅವರು ಕೊಟ್ಟಿದ್ದ ಅಂಕ ಎರಡು. ಅದಕ್ಕೂ ಮೇಷ್ಟ್ರು ಕೊಟ್ಟ ಎರಡಕ್ಕೂ ಸಂಬಂಧವೇ ಇಲ್ಲ ಎಂಬುದು ಆ ಹಾಳೆಯಿಂದ ತಿಳಿಯುವ ಹಾಗಿರಲಿಲ್ಲ.

ಮಾಡಿ ನೋಡಿದ್ದು

ಮುಂದಿನ ಸಭೆಗೆ ಸಂಚಾಲಕಿ ಇನ್ನೊಂದು ದಾರಿ ಹಿಡಿದರು. ಜಗಳವೆಲ್ಲ ಕಾನೂನು ಗೊತ್ತಿಲ್ಲದ್ದರಿಂದ ಎಂದು ಭಾವಿಸಿ, ಮೊದಲು ವಕೀಲೆಯಿಂದ ಅರ್ಧ ಗಂಟೆ ವಿವರಣೆ ಇಟ್ಟರು. ವಿವರಣೆ ನಿಜಕ್ಕೂ ಚೆನ್ನಾಗಿತ್ತು.

ಮಿಸಿಸಿಪ್ಪಿಯಲ್ಲಿ ಬಳಸುವ ಬುದ್ಧಿವಿಕಲತೆಯ ಸೂತ್ರವೂ ನಮ್ಮ ಹಳೆಯ ದಂಡ ಸಂಹಿತೆಯ 84ನೇ ಕಲಮೂ ಒಂದೇ ಬೇರಿನವು, 1843ರ ಇಂಗ್ಲೆಂಡಿನ ಮ್ಯಾಕ್‌ನಾಟನ್ ಪ್ರಕರಣದಿಂದ ಬಂದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 22ನೇ ಕಲಂ ಆಗಿದೆ. ಕೃತ್ಯ ಮಾಡುವ ಆ ಹೊತ್ತಿನಲ್ಲಿ, ಮನಸ್ಸಿನ ಅಸ್ವಸ್ಥತೆಯಿಂದಾಗಿ, ತಾನು ಮಾಡುತ್ತಿರುವುದೇನು ಅಥವಾ ಅದು ತಪ್ಪು ಎಂಬುದೇ ತಿಳಿಯದ ಸ್ಥಿತಿ ಇರಬೇಕು. ಅದನ್ನು ತೋರಿಸಿಕೊಡುವ ಹೊಣೆ ಆರೋಪಿಯದು. ಕಾರ್ಲ್ ಲೀ ಬಂದೂಕು ಹೊಂದಿಸಿಕೊಂಡವನು, ಕೋರ್ಟಿನಲ್ಲಿ ಅಡಗಿ ಕಾದವನು. ‘ಇಷ್ಟು ಸಿದ್ಧತೆ ಮಾಡ್ಕೊಂಡವನಿಗೆ ಇಲ್ಲಿ ಆ ಕಲಂ ಸಿಗೋದು ಕಷ್ಟ. ಹಠಾತ್ ಉದ್ರೇಕ ಅನ್ನೋ ವಿನಾಯಿತಿಯೂ ನಿಲ್ಲಲ್ಲ’ ಎಂದು, ಅದಕ್ಕೆ ನಾನಾವತಿ ಪ್ರಕರಣ ತಂದರು. 1959ರಲ್ಲಿ ಬಾಂಬೆಯ ನೌಕಾಧಿಕಾರಿ ಹೆಂಡತಿಯ ಪ್ರಿಯಕರನನ್ನು ಕೊಂದದ್ದು. ಆಗ ನಮ್ಮಲ್ಲೂ ಇದ್ದ ಜ್ಯೂರಿ 8–1ರಲ್ಲಿ ನಿರ್ದೋಷಿ ಎಂದದ್ದು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳಿಸಿದ್ದು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿದದ್ದು. ವಿಷಯ ತಿಳಿದದ್ದಕ್ಕೂ ಗುಂಡು ಹೊಡೆದದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು, ಅಷ್ಟರಲ್ಲಿ ಮನಸ್ಸು ತಹಬದಿಗೆ ಬರಬೇಕಿತ್ತು ಎಂಬುದು ಕೋರ್ಟಿನ ನಿಲುವು. ಕಾದಂಬರಿಯಲ್ಲಾದರೋ ದಿನಗಳೇ ಕಳೆದಿರುತ್ತವೆ.

ಎಲ್ಲ ಸರಿ. ಆದರೆ ಅರ್ಧ ಗಂಟೆ ಒಂದು ಗಂಟೆಯಾಯಿತು. ಶಿರಸ್ತೇದಾರರು ನಡುನಡುವೆ ‘ಹಳೇ ನಂಬರ್ ಹೇಳಿ ಮೇಡಂ, ಹೊಸದು ನಮಗೆ ತಲೆಗೆ ಹತ್ತಲ್ಲ’ ಎಂದು ಬಾಯಿ ಹಾಕಿದರು. ಬೆಳೆಗಾರರು ಮೌನವಾದರು, ತಮ್ಮ ಅಭಿಪ್ರಾಯ ಕಾನೂನಿನ ಮುಂದೆ ಬಿದ್ದುಹೋಯಿತು ಎಂದು ಅವರಿಗೆ ಅನಿಸಿತ್ತು. ಪ್ರೌಢಶಾಲಾ ಶಿಕ್ಷಕರು ಆ ದಿನ ಬಾಯಿಯನ್ನೇ ತೆರೆಯಲಿಲ್ಲ. ವಿಷಯ ಬಲ್ಲವರು ಮೊದಲು ಮಾತಾಡಿದರೆ ಉಳಿದವರು ಓದುಗರಾಗಿ ಉಳಿಯುವುದಿಲ್ಲ, ಪಾಠ ಕೇಳುವವರಾಗುತ್ತಾರೆ. ಮೇಷ್ಟ್ರಂತೂ ಹೊರಗೆ ನಿಂತು ಕಾಫಿ ಕುಡಿಯುತ್ತ, ಇಂಥ ಪುಸ್ತಕ ಆರಿಸಿದರೆ ಹೀಗೇ ಆಗುವುದು, ಮುಂದಿನ ತಿಂಗಳಿಂದ ತಾವು ಬರುವುದು ಅನುಮಾನ ಎಂದರು.

ಕೆಲವರು ಈ ಪುಸ್ತಕವನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗೋಣ ಎಂದರು. ಸುಲಭದ ದಾರಿ ಅದು, ಎಷ್ಟೋ ಬಳಗಗಳು ಅದನ್ನೇ ಮಾಡುತ್ತವೆ. ಸಂಚಾಲಕಿ ಮಾಡಲಿಲ್ಲ. ಬದಲಿಗೆ ಎದ್ದುಹೋಗಿದ್ದ ಮೇಲ್ವಿಚಾರಕಿಗೆ ಫೋನ್ ಮಾಡಿದರು. ಬನ್ನಿ ಎಂದು ಒತ್ತಾಯ ಮಾಡಲಿಲ್ಲ, ಪುಸ್ತಕವನ್ನು ಸಮರ್ಥಿಸಲೂ ಇಲ್ಲ. ‘ಅಕ್ಕ, ನೀವು ಯಾವ ಪುಟದಲ್ಲಿ ನಿಲ್ಸಿದ್ರಿ?’ ಎಂದು ಕೇಳಿದರು.

ಉತ್ತರ ಅವರು ನಿರೀಕ್ಷಿಸಿದಂತಿರಲಿಲ್ಲ. ಮೇಲ್ವಿಚಾರಕಿ ನಿಲ್ಲಿಸಿಯೇ ಇರಲಿಲ್ಲ. ಮಗಳಿಂದ ಓದಿಸಿ, ಅರ್ಥ ಕೇಳಿಕೊಂಡು, ಮುಕ್ಕಾಲು ಪುಸ್ತಕ ದಾಟಿದ್ದರು. ‘ಮೊದಲನೇ ಅಧ್ಯಾಯದಲ್ಲಿ ಆ ಕೂಸಿಗೆ ಆಗಿದ್ದನ್ನೆಲ್ಲ ಬಿಡದೆ ಬರ್ದವರೆ. ಆಮೇಲೆ ಆ ಕೂಸು ಎಲ್ಲೋಯ್ತು? ವಕೀಲನ ಕಷ್ಟ ಐತೆ, ಅಪ್ಪನ ಕಷ್ಟ ಐತೆ. ಅವಳು ರಾತ್ರಿ ಮಲಗ್ತಾಳಾ, ಉಣ್ತಾಳಾ, ಯಾರೂ ಕೇಳಲ್ಲ. ಅದಕ್ಕೇ ಎರಡು ಕೊಟ್ಟೆ.’

ಈ ಪ್ರಕರಣದ ತಿರುವು ಈ ಫೋನ್ ಕರೆಯೇ ಎಂದು ನನ್ನ ಅಭಿಪ್ರಾಯ. ‘ಮನಸ್ಸಿಗೆ ನೋವಾಗಿ ಎದ್ದುಹೋದರು’ ಎಂದು ನಾವು ಬದಿಗಿಟ್ಟಿದ್ದವರ ಹತ್ತಿರ ಇಡೀ ಬಳಗದಲ್ಲೇ ಹರಿತವಾದ ವಿಮರ್ಶೆ ಇತ್ತು. ಅಂಕದ ಹಾಳೆ ಅದನ್ನು ಮುಚ್ಚಿಟ್ಟಿತ್ತು, ಕಾನೂನಿನ ಉಪನ್ಯಾಸದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮೂರನೆಯ ಸಭೆಗೆ ಸಂಚಾಲಕಿ ನಿಯಮ ಬದಲಿಸಿದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಪ್ರತಿಯೊಬ್ಬರೂ ಪುಸ್ತಕದಲ್ಲಿ ಯಾರಾದರೂ ತೆಗೆದುಕೊಂಡ ಒಂದು ತೀರ್ಮಾನವನ್ನು, ಅದು ಪಾತ್ರದ್ದಿರಲಿ ಲೇಖಕನದ್ದಿರಲಿ, ಪುಟ ತೋರಿಸಿ ಹೇಳಬೇಕು; ಅದು ಬೇರೆ ರೀತಿ ಆಗಿದ್ದರೆ ಕಥೆ ಏನಾಗುತ್ತಿತ್ತು ಎಂದೂ ಹೇಳಬೇಕು. ಹಿಂಸೆಯ ಪುಟಗಳನ್ನು ಯಾರೂ ಜೋರಾಗಿ ಓದಬಾರದು. ವಕೀಲೆಯೂ ಶಿರಸ್ತೇದಾರರೂ ಕೊನೆಗೆ ಮಾತಾಡಬೇಕು. ಈ ಕೊನೆಯದಕ್ಕೆ ವಕೀಲೆ ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದರು.

ನಡೆದದ್ದು

ಬೆಳೆಗಾರರು ಮೊದಲು ಕೈ ಎತ್ತಿದರು. ಅವರಿಗೆ ಇಷ್ಟವಾದದ್ದು ವಕೀಲ ಜೇಕ್ ಕೊನೆಯ ವಾದದಲ್ಲಿ ಜ್ಯೂರಿಯವರಿಗೆ ಕಣ್ಣು ಮುಚ್ಚಿಸಿ, ಆ ಹುಡುಗಿಗೆ ಆದದ್ದನ್ನು ಕಲ್ಪಿಸಿಕೊಳ್ಳಿ, ಈಗ ಅವಳು ಬಿಳಿಯಳು ಅಂದುಕೊಳ್ಳಿ ಎನ್ನುವ ಜಾಗ. ಅಲ್ಲಿ ಕಣ್ಣಲ್ಲಿ ನೀರು ಬಂತು ಎಂದರು. ಮೇಷ್ಟ್ರು ತಲೆಯಾಡಿಸಿ, ‘ಅದೇ ನನಗೆ ಅಗ್ಗದ ನಾಟಕ ಅನ್ಸಿದ್ದು’ ಎಂದರು. ಇನ್ನಿಬ್ಬರು ಪರ, ಒಬ್ಬರು ವಿರೋಧ. ಹಳೆಯ ಜಗಳವೇ ಮತ್ತೆ ಹೊತ್ತಿಕೊಳ್ಳುವ ಹಾಗಿತ್ತು.

ಸಂಚಾಲಕಿ, ‘ಪುಟ?’ ಎಂದರು.

ಬೆಳೆಗಾರರು ಹುಡುಕಿದರು. ಮೇಷ್ಟ್ರೂ ಹುಡುಕಿದರು. ಸಿಗಲಿಲ್ಲ. ಆಗ ವಿದ್ಯಾರ್ಥಿನಿ ಸಂಕೋಚದಿಂದಲೇ, ‘ಸಾರ್, ಪುಸ್ತಕದಲ್ಲಿ ಅದು ವಕೀಲ ಹೇಳೋದಲ್ಲ. ಜ್ಯೂರಿ ರೂಮಲ್ಲಿ ಕೂತಿರೋ ಒಬ್ಬಳು ಹೆಂಗಸು ಉಳಿದೋರಿಗೆ ಹೇಳೋದು. ವಕೀಲ ಅಲ್ಲಿ ಇರೋದೇ ಇಲ್ಲ’ ಎಂದು ಕೊನೆಯ ಪುಟಗಳನ್ನು ತೆಗೆದು ತೋರಿಸಿದಳು.

ಹಾಗೆಂದರೆ ಬೆಳೆಗಾರರು ನೋಡಿದ್ದು ಸಿನಿಮಾ. ಇಂಗ್ಲಿಷ್ ಓದುವುದು ನಿಧಾನವಾಗಿ, ಕೊನೆಯ ಭಾಗವನ್ನು ಸಿನಿಮಾದಲ್ಲಿ ಮುಗಿಸಿದ್ದರು. ‘ಕಥೆ ಬೇರೆಯವರಿಂದ ತಿಳ್ಕೊಂಡು ಬನ್ನಿ’ ಎಂದಿದ್ದರಿಂದ ಅದರಲ್ಲಿ ತಪ್ಪೂ ಇರಲಿಲ್ಲ. ಮೇಷ್ಟ್ರು ಸಿನಿಮಾ ಹಿಂದೆ ಯಾವಾಗಲೋ ನೋಡಿದ್ದರು, ಪುಸ್ತಕವನ್ನು ಬೇಸರದಿಂದ ಹಾರಿಸಿ ಓದಿದ್ದರು. ಎರಡು ತಿಂಗಳಿನಿಂದ ಬಳಗ ಜಗಳವಾಡುತ್ತಿದ್ದ ದೃಶ್ಯ ಕಾದಂಬರಿಯಲ್ಲಿ ಆ ರೂಪದಲ್ಲಿ ಇರಲೇ ಇಲ್ಲ. ಎಲ್ಲರೂ ಜೋರಾಗಿ ನಕ್ಕರು. ಮೇಷ್ಟ್ರು ಸ್ವಲ್ಪ ತಡವಾಗಿ ನಕ್ಕರು.

ನಗು ನಿಂತ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ವಕೀಲನ ಬಾಯಿಂದ ಬಂದರೆ ಅದು ಅವನ ಜಾಣತನ, ನಾಯಕನ ಗೆಲುವು. ಜ್ಯೂರಿ ಕೋಣೆಯಲ್ಲಿ ಒಬ್ಬ ಸಾಮಾನ್ಯ ಹೆಂಗಸಿನಿಂದ ಬಂದರೆ, ಕಾದಂಬರಿಯುದ್ದಕ್ಕೂ ನಡೆದ ವಾದ, ಪಾಟೀಸವಾಲು, ಮನೋವೈದ್ಯರ ಸಾಕ್ಷ್ಯ ಇವೆಲ್ಲ ನಿರ್ಣಾಯಕವಾಗಲಿಲ್ಲ ಎಂದಾಯಿತು. ಮೇಷ್ಟ್ರು ಪುಸ್ತಕವನ್ನು ಮತ್ತೆ ಕೈಗೆ ತೆಗೆದುಕೊಂಡದ್ದು ಆಗಲೇ. ಅಗ್ಗದ ನಾಟಕ ಎಂಬ ಮಾತನ್ನು ಸಿನಿಮಾಕ್ಕೆ ವರ್ಗಾಯಿಸಿದರು. ಕಾದಂಬರಿಕಾರ ತನ್ನ ನಾಯಕನಿಂದ ಗೆಲುವನ್ನು ಕಸಿದುಕೊಂಡದ್ದು ಒಂದು ಒಳ್ಳೆಯ ತೀರ್ಮಾನ ಎಂದು, ಇಷ್ಟವಿಲ್ಲದೆಯೇ, ಒಪ್ಪಿದರು.

ಆಗ ಪ್ರೌಢಶಾಲಾ ಶಿಕ್ಷಕರು ಮಾತಾಡಿದರು. ‘ಯಾರು ಹೇಳಿದರು ಅನ್ನೋದು ನನಗೆ ಮುಖ್ಯ ಅಲ್ಲ. ಏನು ಹೇಳಿದರು ಅನ್ನೋದು. ಆ ಹುಡುಗಿಗೆ ಆದದ್ದು ಅನ್ಯಾಯ ಅಂತ ಅವರಿಗೆ ಗೊತ್ತಾಗಬೇಕಾದ್ರೆ ಅವಳ ಬಣ್ಣ ಬದಲಾಯಿಸ್ಕೋಬೇಕಾಯ್ತು. ಅವಳನ್ನ ಅವಳಾಗಿ ನೋಡಿದ್ರೆ ಸಾಲಲಿಲ್ಲ. ನಮ್ಮ ಕೇರಿ ಹುಡುಗಿಗೆ ಆದಾಗ್ಲೂ ಹಿಂಗೇನಾ? ನಿಮ್ಮ ಮನೆ ಹುಡುಗಿ ಅಂದ್ಕೊಳ್ಳಿ ಅಂತ ನಾವು ಕೇಳ್ಕೋಬೇಕಾ?’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೆಳೆಗಾರರು, ‘ನಾನು ಅತ್ತಿದ್ದು ಅದಕ್ಕೇ ಇರಬೇಕು ಬಿಡಿ’ ಎಂದರು. ಅದನ್ನು ಯಾವ ಅರ್ಥದಲ್ಲಿ ಹೇಳಿದರೋ, ಟಿಪ್ಪಣಿಯಲ್ಲಿ ಹಾಗೇ ಬರೆದುಕೊಂಡಿದ್ದೇನೆ.

ವಕೀಲೆ ಅದಕ್ಕೆ ಒಪ್ಪಲಿಲ್ಲ. ಆ ಜ್ಯೂರಿ ಮುಂದೆ ಬೇರೆ ದಾರಿ ಇರಲಿಲ್ಲ, ಕಕ್ಷಿದಾರ ಬದುಕಬೇಕು, ವ್ಯವಸ್ಥೆ ತಿದ್ದುವುದು ಆಮೇಲೆ ಎಂದರು. ಅವರಿಗೆ ಇಡೀ ಪುಸ್ತಕದಲ್ಲಿ ಹಿಡಿಸಿದ ಭಾಗ ಬೇರೆಯೇ: ಎರಡೂ ಕಡೆಯ ಮನೋವೈದ್ಯರು ಪಾಟೀಸವಾಲಿನಲ್ಲಿ ಕುಸಿಯುವುದು. ಆರೋಪಿ ಪರ ವೈದ್ಯನ ಹಳೆಯ ಶಿಕ್ಷೆಯ ದಾಖಲೆ ಹೊರಬೀಳುತ್ತದೆ. ಸರ್ಕಾರದ ಕಡೆಯ ವೈದ್ಯ, ಕೋರ್ಟಿನಲ್ಲಿ ಯಾರನ್ನು ನೆಟ್ಟಗಿದ್ದಾರೆ ಎಂದು ಹೇಳಿದ್ದನೋ ಅಂಥವರನ್ನೇ ತನ್ನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಾನೆ ಎಂಬುದು ಬಯಲಾಗುತ್ತದೆ. ‘ಇದನ್ನ ವಕೀಲ ಆಗಿದ್ದವನೇ ಬರೀಬೇಕು’ ಎಂದರು.

ಶಿರಸ್ತೇದಾರರ ಆಕ್ಷೇಪ ಕಾಲು ಕಳೆದುಕೊಂಡ ಪೊಲೀಸನ ಸಾಕ್ಷ್ಯದ ಮೇಲೆ. ಆತ ಆರೋಪಿಯ ಪರವಾಗಿಯೇ ಮಾತಾಡುತ್ತಾನೆ. ಓದುಗರಿಗೆ ಅದು ರೋಮಾಂಚನ. ‘ಸಾಕ್ಷಿ ಕಂಡಿದ್ದು ಹೇಳ್ಬೇಕು. ಬಿಡಬೇಕೋ ಬೇಡವೋ ಅಂತ ಸಾಕ್ಷೀನ ಕೇಳೋ ಹಾಗಿಲ್ಲ’ ಎಂದರು. ಮುಂದುವರಿದು, ನಮ್ಮಲ್ಲಿ ನ್ಯಾಯಾಧೀಶರು ಕಣ್ಣು ಮುಚ್ಚಿ ಏನು ಬೇಕಾದರೂ ಅಂದುಕೊಳ್ಳಲಿ, ತೀರ್ಪಿನಲ್ಲಿ ಕಾರಣ ಬರೆಯಲೇಬೇಕು, ದಂಡ ಪ್ರಕ್ರಿಯಾ ಸಂಹಿತೆಯ 354ನೇ ಕಲಂ ಎಂದರು. ‘ಈಗ 393’ ಎಂದು ವಕೀಲೆ ತಿದ್ದಿದರು. ಜ್ಯೂರಿ ಕಾರಣ ಕೊಡಬೇಕಿಲ್ಲ. ಆ ಹೆಂಗಸಿನ ಮಾತು ಕೆಲಸ ಮಾಡಿದ್ದು ಅದಕ್ಕೇ. ಹಾಗಾದರೆ ನಮ್ಮಲ್ಲಿ ಜಾತಿ ಎಲ್ಲಿ ಕೆಲಸ ಮಾಡುತ್ತದೆ ಎಂದು ಶಿಕ್ಷಕರು ಕೇಳಿದಾಗ ಶಿರಸ್ತೇದಾರರು ಯೋಚಿಸಿ, ‘ಠಾಣೇಲಿ. ದೂರು ಬರ್ಕೊಳ್ಳೋವಾಗ’ ಎಂದರು. ಇಡೀ ಚರ್ಚೆಯಲ್ಲಿ ನನಗೆ ನೆನಪಿನಲ್ಲಿ ಉಳಿದ ಉತ್ತರ ಅದು. ಒಂದು ಅಮೆರಿಕನ್ ಕಾದಂಬರಿ ಹಾಸನದ ಕೋರ್ಟಿನಲ್ಲಿ ದುಡಿದು ಬಂದವರ ಬಾಯಿಂದ ಅದನ್ನು ಹೊರಡಿಸಿತು.

ಮೇಲ್ವಿಚಾರಕಿ ಆ ಸಭೆಗೆ ಬಂದಿದ್ದರು. ತಮ್ಮ ಸರದಿಯಲ್ಲಿ ಫೋನಿನಲ್ಲಿ ಹೇಳಿದ್ದನ್ನೇ ಹೇಳಿ, ಲೇಖಕ ಹುಡುಗಿಯ ಕಣ್ಣಿನಿಂದ ಒಂದಾದರೂ ಪೂರ್ತಿ ಅಧ್ಯಾಯ ನಡುವೆ ಇಟ್ಟಿದ್ದರೆ ಅಪ್ಪನ ಬಂದೂಕಿಗೆ ಇಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ ಎಂದರು. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಇದರಿಂದ ತೆಗೆದುಕೊಳ್ಳಬಹುದಾದದ್ದು

ಅಭಿಪ್ರಾಯಗಳು ಒಂದಾಗಲಿಲ್ಲ. ಯಾರೋ ತಮಾಷೆಗೆ ಮತ್ತೆ ಅಂಕ ಹಾಕಿಸಿದ್ದರೆ ಹೆಚ್ಚುಕಡಿಮೆ ಅದೇ ಹಾಳೆ ಬರುತ್ತಿತ್ತೇನೋ. ಆದರೆ ಬಿರುಕು ಬೇರೆ ಜಾಗದಲ್ಲಿತ್ತು. ಮೊದಲು ‘ರೋಚಕ’ ಮತ್ತು ‘ಸಪ್ಪೆ’ ಎಂಬ ಎರಡು ಗುಂಪು. ಕೊನೆಗೆ ವಕೀಲೆ ಒಂದು ಕಡೆ, ಶಿಕ್ಷಕರೂ ಮೇಲ್ವಿಚಾರಕಿಯೂ ಇನ್ನೊಂದು ಕಡೆ, ನಡುವೆ ಬೆಳೆಗಾರರು. ಮೊದಲ ದಿನ ಎರಡು ಕೊಟ್ಟಿದ್ದ ಮೇಷ್ಟ್ರು ಮತ್ತು ಮೇಲ್ವಿಚಾರಕಿ ಈಗ ಒಂದೇ ಗುಂಪಿನಲ್ಲಿ ಇರಲಿಲ್ಲ.

ಜನಪ್ರಿಯ ಕೋರ್ಟ್ ಕಾದಂಬರಿಗಳ ವಿಷಯದಲ್ಲಿ ಇಂಥ ಗೊಂದಲ ಹೆಚ್ಚು ಎಂದು ನನಗನಿಸುತ್ತದೆ. ಅವುಗಳ ಸಿನಿಮಾ ಬಂದಿರುತ್ತದೆ, ಜನ ಎರಡನ್ನೂ ಬೆರೆಸಿ ನೆನಪಿಟ್ಟುಕೊಂಡಿರುತ್ತಾರೆ. ಯಾರು ಏನನ್ನು, ಎಲ್ಲಿಯವರೆಗೆ ಓದಿದ್ದಾರೆ ಎಂದು ಮೊದಲೇ ಕೇಳಿದರೆ ಅರ್ಧ ಜಗಳ ತಪ್ಪುತ್ತದೆ, ಮತ್ತು ಕೇಳುವ ಧಾಟಿ ಪರೀಕ್ಷೆಯದಾಗಿರಬಾರದು. ಇಂಥ ಕಥೆಗಳಲ್ಲಿ ಓದುಗ ತಾನೇ ತೀರ್ಪು ಕೊಡುವ ಜಾಗದಲ್ಲಿ ಕೂತಿರುತ್ತಾನೆ. ಪುಸ್ತಕ ಇಷ್ಟವಾಯಿತೇ ಎಂಬ ಪ್ರಶ್ನೆಗೆ ಅವನು ಆರೋಪಿಯ ಬಗ್ಗೆ ಉತ್ತರ ಕೊಡುತ್ತಾನೆ. ಬೆಳೆಗಾರರ ಒಂಬತ್ತು ಅಂಕ ಕಾರ್ಲ್ ಲೀಗೆ ಸೇರಿದ್ದು, ಗ್ರಿಶಮ್‌ಗೆ ಅಲ್ಲ.

ಪರಿಣತರನ್ನು ಕೊನೆಗೆ ಮಾತಾಡಿಸುವ ಕ್ರಮ ನಮ್ಮಲ್ಲಿ ಉಳಿದಿದೆ. ಹಿಂಸೆಯ ಭಾಗವಿರುವ ಪುಸ್ತಕವಾದರೆ ಹಿಂದಿನ ತಿಂಗಳೇ ಹೇಳುತ್ತೇವೆ. ವಿದ್ಯಾರ್ಥಿನಿ ಒಂದು ದಿನ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬಂದಳು, ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ಕೂರಬಹುದು. ಬರೀ ವಾಯಿದೆ ಕೊಡುತ್ತಾರೆ, ಮೈಕೂ ಇಲ್ಲ, ಏನೂ ಕೇಳಿಸುವುದಿಲ್ಲ ಎಂದು ಅವಳ ದೂರು.

ಜೇಕ್ ಬ್ರಿಗಾನ್ಸ್ ಮತ್ತೆ ಬರುವ ‘ಸಿಕಮೋರ್ ರೋ’, 2013ರದ್ದು, ಓದಬೇಕೆಂದು ಈಗ ಅರ್ಜಿ ಬಂದಿದೆ. ಬಿಳಿಯ ಶ್ರೀಮಂತನೊಬ್ಬ ಕೈಬರಹದ ವಿಲ್‌ನಲ್ಲಿ ಮಕ್ಕಳನ್ನು ಬಿಟ್ಟು, ಮನೆಗೆಲಸದ ಕಪ್ಪು ಹೆಂಗಸಿಗೆ ಆಸ್ತಿ ಬರೆಯುವ ಕಥೆ. ವಿಲ್ ವ್ಯಾಜ್ಯ ಎಂದ ತಕ್ಷಣ ಬೆಳೆಗಾರರ ಕಿವಿ ನೆಟ್ಟಗಾಯಿತು. ತೋಟದ ಭಾಗದ ಜಗಳ ಕಾಣದ ಮನೆ ಆ ಕಡೆ ಎಷ್ಟಿವೆ? ವಕೀಲೆ ಆಗಲೇ, ಸಾಕ್ಷಿಗಳ ಸಹಿ ಇಲ್ಲದ ಕೈಬರಹದ ವಿಲ್ ಇಲ್ಲಿ ನಿಲ್ಲುವುದಿಲ್ಲ, 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಇಬ್ಬರು ಸಾಕ್ಷಿಗಳು ಬೇಕೇ ಬೇಕು ಎಂದು ಶುರು ಮಾಡಿದ್ದರು. ಸಂಚಾಲಕಿ ಅವರನ್ನು ತಡೆದು, ಇರುವ ಒಂದೇ ಪ್ರತಿಯನ್ನು ಬೆಳೆಗಾರರ ಕೈಗೆ ಕೊಟ್ಟರು. ಈ ಸಲ ಸಿನಿಮಾ ನೋಡುವಂತಿಲ್ಲ ಎಂದೂ ಸೇರಿಸಿದರು.